ಒಂದು ತೋಳಿನ ಸ್ವೆಟರು

ನಮ್ಮ ಮನೆಯ ಅಟ್ಟದ ಮೇಲಿರುವ ತಗಡಿನ ಟ್ರಂಕಿನಲ್ಲಿ ಒಂದು ಸ್ವೆಟರು ಬಹುಕಾಲ ಮಲಗಿತ್ತು. ಅದಕ್ಕೆ ಬೆನ್ನಿತ್ತು, ಎದೆಯಿತ್ತು, ಬಲಗೈ ತೋಳಿತ್ತು. ಎಡಗೈ ತೋಳು ಮಾತ್ರ ನಾಲ್ಕು ಬೆರಳಿನಷ್ಟು ಬೆಳೆದು ಅಲ್ಲಿಗೇ ನಿಂತಿತ್ತು. ಹೆಣಿಗೆಯ ಕಡ್ಡಿಗಳನ್ನೂ ಯಾರೂ ತೆಗೆದಿರಲಿಲ್ಲ. ಸಂಘದವರು ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿರಿ ಎಂದು ಕೇಳಿದಾಗ ನಮ್ಮ ಕಣ್ಣ ಮುಂದೆ ಬಂದು ನಿಂತದ್ದು ಆ ಸ್ವೆಟರೇ.

ನಾವು ಎಂದರೆ ಕಬನೂರಿನ ಒಂದೇ ಮನೆಗೆ ಸೊಸೆಯರಾಗಿ ಬಂದ ಇಬ್ಬರು ನೆಗೆಣ್ಣಿಯರು. ಹಿರಿಯವಳ ತವರು ಅಥಣಿಯ ಕಡೆ, ಕಿರಿಯವಳದು ರಾಯಬಾಗದ ಕಡೆ. ಇಬ್ಬರೂ ಕನ್ನಡ ಶಾಲೆಯಲ್ಲಿ ಓದಿದವರು. ಒಬ್ಬಳು ಬರೆಯುವಾಗ ಮತ್ತೊಬ್ಬಳು ಪಕ್ಕದಲ್ಲಿ ಕುಳಿತು ತಿದ್ದುತ್ತಿರುವುದರಿಂದ ಈ ಬರಹ ಇಬ್ಬರಿಗೂ ಸೇರಿದ್ದು. ತಪ್ಪುಗಳಿದ್ದರೆ ಅವೂ ಇಬ್ಬರಿಗೂ ಸೇರಿದವು.

ನಮ್ಮೂರು ಇಚಲಕರಂಜಿಗೆ ಹೊಂದಿಕೊಂಡೇ ಇದೆ. ಅಲ್ಲಿ 1904ರಲ್ಲಿ ವಿಠ್ಠಲರಾವ್ ದಾತಾರ ಅವರು ಮೊದಲ ಯಂತ್ರಮಗ್ಗವನ್ನು ಹೂಡಿದರು. ಜಹಗೀರುದಾರರಾಗಿದ್ದ ನಾರಾಯಣರಾವ್ ಘೋರ್ಪಡೆಯವರು ಬೆಂಬಲವಾಗಿ ನಿಂತರು. ಅಂದು ಆರಂಭವಾದ ಖಟಖಟ ಸದ್ದು ಇಂದು ಸುತ್ತಲಿನ ಊರುಗಳಿಗೆಲ್ಲ ಹಬ್ಬಿದೆ. ನಮ್ಮ ಮನೆಯ ಹಿಂಗೋಡೆಯ ಆಚೆಯೂ ನಾಲ್ಕು ಮಗ್ಗಗಳಿವೆ. ಹೊಸದಾಗಿ ಬಂದ ನೆಂಟರು ಆ ಸದ್ದಿಗೆ ನಿದ್ದೆಗೆಡುತ್ತಾರೆ. ನಮಗೆ ಎಚ್ಚರವಾಗುವುದು ಕರೆಂಟು ಹೋಗಿ ಸದ್ದು ನಿಂತಾಗ.

ನಮ್ಮಂಥವರನ್ನು ಇಲ್ಲಿ ‘ಖರ್ಚೀವಾಲಾ’ ಎನ್ನುತ್ತಾರೆ. ನೂಲು ವ್ಯಾಪಾರಿಯದು, ಹಾಸಿನ ಬೀಮನ್ನು ಅವನೇ ಕಳಿಸುತ್ತಾನೆ, ನೇಯ್ದ ಬಟ್ಟೆ ಅವನಿಗೇ ಹೋಗುತ್ತದೆ. ಮಗ್ಗ, ಜಾಗ, ಕರೆಂಟಿನ ಬಿಲ್ಲು, ದುಡಿಮೆ ಇವು ನಮ್ಮವು. ಕೂಲಿ ಮೀಟರಿನ ಲೆಕ್ಕದಲ್ಲಿ, ಮೀಟರಿನ ದರ ಪಿಕ್ಕಿನ ಲೆಕ್ಕದಲ್ಲಿ, ಅಂದರೆ ಒಂದು ಇಂಚಿನಲ್ಲಿ ಹೊಕ್ಕಿನ ಎಳೆ ಎಷ್ಟು ಸಲ ಹಾಯ್ದಿದೆ ಎಂಬುದರ ಮೇಲೆ. ಹಗಲು ಪಾಳಿ ಹಿರಿಯರದು, ರಾತ್ರಿ ಪಾಳಿ ಅವರ ತಮ್ಮಂದಿರದು. ನಮ್ಮಲ್ಲಿ ಹಿರಿಯವಳು ಲಾಳಿಗೆ ಬೇಕಾದ ಕಂಡಿಕೆ ಸುತ್ತುತ್ತಾಳೆ. ಕಿರಿಯವಳು ಹತ್ತಿರದ ಒಂದು ಕಾರಖಾನೆಗೆ ಮೆಂಡಿಂಗ್ ಕೆಲಸಕ್ಕೆ ಹೋಗುತ್ತಾಳೆ. ಮೇಜಿನ ಮೇಲೆ ಬಟ್ಟೆಯ ತಾಗಾ ಬಿಚ್ಚಿ, ಗಂಟು ಕಿತ್ತು, ಜೋತಾಡುವ ದಾರ ಕತ್ತರಿಸಿ, ಎಲ್ಲಿ ಎಳೆ ತಪ್ಪಿದೆಯೆಂದು ಗುರುತು ಹಾಕುವುದು ಅವಳ ಕೆಲಸ. ದಿನವಿಡೀ ಅನ್ಯರ ತಪ್ಪು ಹುಡುಕಿ ಮನೆಗೆ ಬಂದರೆ ಕಣ್ಣಿಗೆ ಮನೆಯವರ ತಪ್ಪುಗಳೂ ಬೇಗ ಕಾಣುತ್ತವೆ ಎಂಬುದು ಹಿರಿಯವಳ ದೂರು. ಅದನ್ನೂ ಇಲ್ಲಿ ದಾಖಲಿಸಬೇಕೆಂದು ಅವಳ ಹಟ.

ಇಷ್ಟರ ನಡುವೆ ನಮಗೆ ಹೆಣಿಗೆಯ ಹುಚ್ಚು ಹತ್ತಿಸಿದವರು ನಮ್ಮ ಅತ್ತೆಯವರು. ಅವರ ತವರು ಚಿಕ್ಕೋಡಿಯ ಸೀಮೆ. ಅವರ ಮದುವೆಯಾದದ್ದು 1956ರ ಬೇಸಿಗೆಯಲ್ಲಿ. ಆಗ ತವರೂ ಗಂಡನ ಮನೆಯೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ಅದೇ ವರ್ಷ ನವೆಂಬರ್ 1ಕ್ಕೆ ತವರು ಮೈಸೂರು ರಾಜ್ಯಕ್ಕೆ ಸೇರಿತು. “ನಾ ಗಂಡನ ಮನೀಗೆ ಬಂದೆ, ನನ್ನ ತವರಮನಿ ಬ್ಯಾರೆ ಗಂಡನ ಮನೀಗೆ ಹೋತು” ಎಂದು ಅವರು ನಗುತ್ತಿದ್ದರು. ಸಂತೆಯಲ್ಲಿ, ದವಾಖಾನೆಯಲ್ಲಿ, ನೆರೆಮನೆಯಲ್ಲಿ ಅವರು ಸೊಗಸಾದ ಮರಾಠಿ ಆಡುತ್ತಿದ್ದರು. ಹೆಣಿಗೆಯ ಮಾತುಗಳೂ ಅವರ ಬಾಯಲ್ಲಿ ಮರಾಠಿಯವೇ: ಸುಲಟ, ಉಲಟ. ಆದರೆ ಕುಣಿಕೆ ಎಣಿಸುವಾಗ ಮಾತ್ರ ಕನ್ನಡವಲ್ಲದೆ ಬೇರೊಂದು ಬರುತ್ತಿರಲಿಲ್ಲ. ದುಡ್ಡನ್ನು ಯಾವ ಭಾಷೆಯಲ್ಲಾದರೂ ಎಣಿಸಬಹುದು, ಕುಣಿಕೆಯನ್ನು ತಾಯಿ ಕಲಿಸಿದ ಭಾಷೆಯಲ್ಲೇ ಎಣಿಸಬೇಕು, ಇಲ್ಲವಾದರೆ ಲೆಕ್ಕ ತಪ್ಪುತ್ತದೆ ಎಂಬುದು ಅವರ ನಂಬಿಕೆಯಾಗಿತ್ತು.

ನಾವು ಹೆಣೆಯುವ ನೂಲನ್ನು ಉಣ್ಣೆ ಎಂದು ಕರೆಯುತ್ತೇವಾದರೂ ಅದು ಬಹುಪಾಲು ಅಕ್ರಿಲಿಕ್ ನೂಲು. ನಿಜವಾದ ಉಣ್ಣೆ ನಮ್ಮ ಸೀಮೆಯಲ್ಲಿ ಕಾಣುವುದು ಕುರುಬರ ಕಂಬಳಿಯಲ್ಲಿ ಮತ್ತು ಅಕ್ಟೋಬರಿನ ಸುಮಾರಿಗೆ ಪಟ್ಟಣಕೊಡೋಲಿಯ ವಿಠ್ಠಲ ಬೀರದೇವರ ಜಾತ್ರೆಯಲ್ಲಿ. ಅಲ್ಲಿ ಭಕ್ತರು ಭಂಡಾರ, ಕೊಬ್ಬರಿಗಳೊಡನೆ ಉಣ್ಣೆಯನ್ನೂ ತೂರುತ್ತಾರೆ. ಅತ್ತೆಯವರು ಒಂದು ವರ್ಷ ಹಾಗೆ ಸೀರೆಯ ಸೆರಗಿಗೆ ಬಂದು ಬಿದ್ದ ಉಣ್ಣೆಯ ಒಂದು ಎಸಳನ್ನು ತಂದು ಟ್ರಂಕಿನಲ್ಲಿ ಇಟ್ಟಿದ್ದರು. ಭಂಡಾರದ ಹಳದಿ ಇಂದಿಗೂ ಅದರಿಂದ ಹೋಗಿಲ್ಲ.

ಆ ಟ್ರಂಕಿನ ಉಳಿದ ಸಾಮಾನುಗಳನ್ನು ಹೇಳಿಕೊಳ್ಳಲು ನಮಗೆ ತುಸು ನಾಚಿಕೆ. ಕ್ರೋಶಾದ ಒಂದು ಬಾಗಿಲ ತೋರಣ, ಮುಕ್ಕಾಲು ಭಾಗ. ದೀಪಾವಳಿಗೆಂದು ಆರಂಭಿಸಿದ್ದು, ಯಾವ ದೀಪಾವಳಿ ಎಂಬುದು ನೆನಪಿಲ್ಲ. ಒಂದು ಮಫ್ಲರು, ಮೊಳದುದ್ದ. ಅತ್ತೆಯವರ ಹಳೆಯ ಇಲಕಲ್ ಸೀರೆಗಳ ಕೌದಿ, ಎರಡು ಮೂಲೆ ಹೊಲಿದದ್ದು. ಜೋಡಿಯಿಲ್ಲದ ಮೂರು ಕಾಲುಚೀಲಗಳು. ನಮ್ಮ ಸೀಮೆಯಲ್ಲಿ ಚಳಿ ಎಂದರೆ ಎರಡು ತಿಂಗಳ ಮಾತು. ಕಬ್ಬಿನ ಗಾಡಿಗಳು ರಸ್ತೆಗಿಳಿದಾಗ ಸ್ವೆಟರಿನ ನೆನಪಾಗುತ್ತದೆ, ತೋಳಿನ ತನಕ ಬರುವಷ್ಟರಲ್ಲಿ ಹೋಳಿ ಹುಣ್ಣಿಮೆ ಬಂದಿರುತ್ತದೆ. ಮನೆಯ ಗಂಡಸರು ಈ ಟ್ರಂಕಿಗೆ ‘ಸೊಸೆಯರ ಬೀಮು’ ಎಂದು ಹೆಸರಿಟ್ಟಿದ್ದಾರೆ. ಎಷ್ಟು ನೇಯ್ದರೂ ಮುಗಿಯದ ಬೀಮು!

ಅತ್ತೆಯವರು ಆ ಸ್ವೆಟರನ್ನು ಹೂಡಿದ್ದು 2013ರ ಚಳಿಗಾಲದಲ್ಲಿ, ಹಿರಿಯವಳ ಆರು ವರ್ಷದ ಮಗನಿಗೆಂದು. ಅಂಚಿಗೆ ಹನ್ನೆರಡು ನಂಬರಿನ ಸಣ್ಣ ಕಡ್ಡಿ, ಮೈಗೆ ಹತ್ತು ನಂಬರಿನದು, ಬಣ್ಣ ನವಿಲುಗರಿಯ ಹಸಿರು. ಬೆನ್ನು, ಎದೆ, ಒಂದು ತೋಳು ಮುಗಿಯುವಷ್ಟರಲ್ಲಿ ಅವರ ಆರೋಗ್ಯ ಕೆಟ್ಟಿತು. 2014ರ ಶ್ರಾವಣದಲ್ಲಿ, ಹಾಸಿಗೆ ಹಿಡಿದಿದ್ದ ಅವರು ಒಂದು ಸಂಜೆ ಹಿರಿಯವಳನ್ನು ಕರೆದು ಹೆಣಿಗೆಯ ಚೀಲ ಕೇಳಿದರು. ಅಂದು ಹೊಸ ಬೀಮು ಬಂದಿತ್ತು, ಕಂಡಿಕೆಯ ರಾಶಿ ಬಿದ್ದಿತ್ತು. “ನಾಳೆ ಕೊಡ್ತೀನ್ರಿ ಅತ್ತಿ” ಎಂದಳು. ಮರುದಿನ ನಸುಕಿನಲ್ಲಿ ಅವರು ತೀರಿಕೊಂಡರು. ಚೀಲ ಅಟ್ಟಕ್ಕೆ ಏರಿತು. ಈ ಮಾತನ್ನು ಹಿರಿಯವಳು ಕಿರಿಯವಳಿಗೆ ಹೇಳಿದ್ದು ಒಂಬತ್ತು ವರ್ಷಗಳ ಮೇಲೆ. ಅಷ್ಟು ಕಾಲ ಒಂದೇ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದೆವು. ಈ ಒಂದು ಮಾತು ಮಾತ್ರ ಹೊರಬರಲಿಲ್ಲ.

ನಡುವೆ ಎರಡು ಸಲ ಚೀಲ ಕೆಳಗಿಳಿಯಿತು. 2019ರ ಆಗಸ್ಟಿನಲ್ಲಿ ಪಂಚಗಂಗೆ, ಕೃಷ್ಣೆಗಳು ಉಕ್ಕಿ ಶಿರೋಳ ತಾಲ್ಲೂಕಿನ ಊರುಗಳು ನೀರಿನಲ್ಲಿ ನಿಂತಾಗ ನಮ್ಮ ನೆಂಟರು ಉಟ್ಟ ಬಟ್ಟೆಯಲ್ಲೇ ಬಂದರು. ಅವರ ಹುಡುಗನೊಬ್ಬ ನಡುಗುತ್ತಿದ್ದ. ಕಿರಿಯವಳು ಅಟ್ಟ ಹತ್ತಿ ಆ ಸ್ವೆಟರನ್ನು ತಂದಳು. ಒಂದು ತೋಳಿನದನ್ನು ತೊಡಿಸುವುದು ಹೇಗೆ? ಕೌದಿ ಹೊದಿಸಿ ಮಲಗಿಸಿದೆವು. “ಅಕ್ಕಾ, ಇದು ಮುಗಿದಿದ್ರ ಇವತ್ತ ಆ ಕೂಸಿನ ಮೈಮ್ಯಾಲ ಇರತಿತ್ತು” ಎಂದು ಕಿರಿಯವಳು ಅಂದದ್ದು ಸಹಜವಾಗಿಯೇ. ಆದರೆ ಹಿರಿಯವಳು ಅಂದು ಊಟ ಮಾಡಲಿಲ್ಲ. ಕಾರಣ ಕಿರಿಯವಳಿಗೆ ತಿಳಿಯಲಿಲ್ಲ.

ಎರಡನೆಯ ಸಲ 2020ರ ಮಾರ್ಚಿನಲ್ಲಿ. ಊರಿನ ಮಗ್ಗಗಳೆಲ್ಲ ನಿಂತವು. ಹಬ್ಬಕ್ಕೂ ನಿಲ್ಲದಿದ್ದ ಸದ್ದು ನಿಂತು, ಗೋಡೆಯಾಚೆ ಗುಬ್ಬಿಗಳ ದನಿ ಕೇಳಿಸಿತು. ಬಿಡುವಿಲ್ಲವೆಂದು ಜೀವಮಾನವಿಡೀ ಹಲುಬಿದ ನಮಗೆ ಇಡೀ ದಿನವೇ ಬಿಡುವು. ಈಗಲಾದರೂ ಟ್ರಂಕು ಖಾಲಿಯಾದೀತೆಂದು ಎಲ್ಲವನ್ನೂ ಹರಡಿಕೊಂಡು ಕುಳಿತೆವು. ಆದರೆ ಕೈ ಓಡಲಿಲ್ಲ. ಮೀಟರಿಲ್ಲದ ವಾರಕ್ಕೆ ಕೂಲಿಯಿಲ್ಲ. ಕೂಲಿಯಿಲ್ಲದ ಮನೆಯಲ್ಲಿ ಕುಣಿಕೆ ಎಣಿಸುತ್ತಿದ್ದರೆ ಲೆಕ್ಕ ಹಿಟ್ಟಿನ ಡಬ್ಬಿಯ ಕಡೆಗೇ ಹೋಗುತ್ತಿತ್ತು. ಮುಗಿಯದ ಹೆಣಿಗೆಗೆ ಕಾರಣ ಬಿಡುವಿನ ಕೊರತೆಯೆಂದು ನಾವು ತಿಳಿದದ್ದು ಅರ್ಧ ಸತ್ಯ ಎಂದು ಅಂದು ಅರಿವಾಯಿತು. ಹೆಣೆಯಲು ಹೊತ್ತು ಬೇಕು ನಿಜ; ಅದಕ್ಕಿಂತ ಮೊದಲು ನಾಳೆಯ ಮೇಲೆ ತುಸು ಭರವಸೆ ಬೇಕು. ಯಾರೋ ಬೆಳೆಯುತ್ತಾರೆ, ಚಳಿಗಾಲ ಬರುತ್ತದೆ, ಅವರು ಇದನ್ನು ತೊಡುತ್ತಾರೆ ಎಂಬ ಭರವಸೆ.

2023ರ ದೀಪಾವಳಿಯ ಹೊತ್ತಿಗೆ ಹಿರಿಯವಳ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹುಟ್ಟುವ ಕೂಸಿಗೆ ಕುಲಾವಿ ಬೇಕು. ಆ ಹಸಿರು ಸ್ವೆಟರನ್ನು ಬಿಚ್ಚಿ ಅದೇ ನೂಲಿನಿಂದ ಹೆಣೆಯೋಣ ಎಂದಳು ಕಿರಿಯವಳು. ಅವಳ ಮಾತಿನಲ್ಲಿ ನ್ಯಾಯವಿತ್ತು. ಮಗ್ಗದ ಬಟ್ಟೆಗೆ ಹಿಂದಿನ ದಾರಿಯಿಲ್ಲ. ಎಳೆ ತಪ್ಪಿದರೆ ತಪ್ಪಿದ್ದೇ, ಕೂಲಿಯಲ್ಲಿ ಕಡಿತ. ಹೆಣಿಗೆ ಹಾಗಲ್ಲ. ಅದು ಒಂದೇ ದಾರ. ತುದಿ ಹಿಡಿದು ಎಳೆದರೆ ಬಿಚ್ಚುತ್ತಾ ಹೋಗಿ ಮರಳಿ ಉಂಡೆಯಾಗುತ್ತದೆ. ಲಡಿ ಕಟ್ಟಿ, ಬೆಚ್ಚಗಿನ ನೀರಿನಲ್ಲಿ ಅದ್ದಿ, ಭಾರ ಕಟ್ಟಿ ನೇತುಹಾಕಿದರೆ ದಾರದ ಸುಕ್ಕೂ ಬಹುಮಟ್ಟಿಗೆ ಹೋಗುತ್ತದೆ. ಮರಿಮಗುವಿನ ತಲೆಗೆ ಮುತ್ತಜ್ಜಿಯ ನೂಲು ಬರುವುದಕ್ಕಿಂತ ಬೇರೆ ಸಾರ್ಥಕವೇನು? “ಟ್ರಂಕಿನ್ಯಾಗ ಇಟ್ಟು ಪೂಜಾ ಮಾಡಿದ್ರ ಅತ್ತಿಯವರು ಮೆಚ್ಚತಾರೇನ ಅಕ್ಕಾ?” ಎಂದಳು.

ಹಿರಿಯವಳು ಬೇಡವೆಂದಳು. ಮಾತು ಬೆಳೆಯಿತು. ನಾಲ್ಕು ದಿನ ನಾವು ಮಕ್ಕಳ ಮೂಲಕ ಮಾತನಾಡಿದೆವು. ಐದನೆಯ ದಿನ, ಕಂಡಿಕೆ ಸುತ್ತುತ್ತಿದ್ದಂತೆಯೇ ಹಿರಿಯವಳು ಆ ಶ್ರಾವಣದ ಸಂಜೆಯನ್ನು ಹೇಳಿದಳು. “ಒಂದ ಚೀಲಾ, ಕೈಗೆ ಕೊಡೂದಿತ್ತು.” ಕಿರಿಯವಳು ಏನೂ ಹೇಳಲಿಲ್ಲ. ಕೂತು ಅವಳೂ ಕಂಡಿಕೆ ಸುತ್ತತೊಡಗಿದಳು. ಬಿಚ್ಚುವ ಮಾತು ಅಲ್ಲಿಗೆ ಮುಗಿಯಿತು. ಕುಲಾವಿಗೆ ಹೊಸ ನೂಲು ತಂದೆವು. ಅದು ತೊಟ್ಟಿಲು ಶಾಸ್ತ್ರಕ್ಕೆ ಎರಡು ದಿನ ತಡವಾಗಿಯೇ ಮುಗಿಯಿತೆಂದು ಬೇರೆ ಹೇಳಬೇಕಾಗಿಲ್ಲ.

ಆದರೆ ಚೀಲ ಅಟ್ಟಕ್ಕೆ ಮರಳಲಿಲ್ಲ. ಕಿರಿಯವಳ ಮಗಳು ಅದನ್ನು ಕೆದಕುವಾಗ ತಳದಲ್ಲಿ ಒಂದು ಚೀಟಿ ಸಿಕ್ಕಿತು. ಹುಡುಗಿ ಮರಾಠಿ ಶಾಲೆಯಲ್ಲಿ ಎಂಟನೆಯ ತರಗತಿಯಲ್ಲಿದ್ದಳು. ಮನೆಯಲ್ಲಿ ಕನ್ನಡ ಆಡುತ್ತಾಳೆ, ಓದಲು ಬಾರದು. ಚೀಟಿಯಲ್ಲಿ ಅತ್ತೆಯವರ ಕೈಬರಹದ ಕನ್ನಡ ಅಂಕಿಗಳು: ತೋಳಿಗೆ ಎಷ್ಟು ಕುಣಿಕೆ, ಎಷ್ಟು ಸಾಲಿಗೊಮ್ಮೆ ಎರಡೂ ಬದಿಗೆ ಒಂದೊಂದು ಏರಿಸಬೇಕು, ಒಟ್ಟು ಸಾಲು ಎಷ್ಟು. ಎರಡು, ಮೂರು, ನಾಲ್ಕನ್ನು ಅವಳು ಮರಾಠಿ ಅಂಕಿಗಳ ಹೋಲಿಕೆಯಿಂದ ಗುರುತಿಸಿದಳು. ಆರು, ಏಳು, ಎಂಟರ ಹತ್ತಿರ ನಿಂತಳು. “ದೊಡ್ಡವ್ವಾ, ಇದೇನು?” ಎಂದು ಹಿರಿಯವಳ ಬಳಿಗೆ ತಂದಳು.

ಹೀಗೆ ಆ ಎಡಗೈ ತೋಳು ಹತ್ತು ವರ್ಷಗಳ ಬಳಿಕ ಬೆಳೆಯತೊಡಗಿತು. ಹುಡುಗಿ ಮೊದಲು ಮರಾಠಿಯಲ್ಲಿ ಎಣಿಸಿದಳು. ಚೀಟಿಯೊಡನೆ ತಾಳೆ ನೋಡಲು ಕನ್ನಡದಲ್ಲೇ ಎಣಿಸುವುದು ಸುಲಭವೆಂದು ತಾನೇ ಕಂಡುಕೊಂಡಳು. ನಾವು ಬುದ್ಧಿವಾದ ಹೇಳಲಿಲ್ಲ. ಹೇಳಿದ್ದರೆ ಕಡ್ಡಿ ಕೆಳಗಿಡುತ್ತಿದ್ದಳು. ಅತ್ತೆಯವರ ಕೈ ಬಿಗಿ, ಇವಳದು ಸಡಿಲ. ಒಬ್ಬರ ಹೆಣಿಗೆ ನಿಂತು ಮತ್ತೊಬ್ಬರದು ಆರಂಭವಾದ ಸಾಲು ತೋಳಿನ ಸುತ್ತ ಒಂದು ಗೆರೆಯಂತೆ ಕಾಣುತ್ತದೆ. ತಪ್ಪು ಹುಡುಕುವ ಕಸುಬಿನ ಕಿರಿಯವಳ ಕಣ್ಣಿಗೆ ಅದು ಮೊದಲು ಬಿತ್ತು. ಅವಳು ಬೆರಳಿನಿಂದ ಒಮ್ಮೆ ಸವರಿ ನೋಡಿ, ಗುರುತು ಹಾಕದೆ ಸುಮ್ಮನಾದಳು.

ತೋಳು ಇನ್ನೂ ಮುಗಿದಿಲ್ಲ. ಹುಡುಗಿಗೆ ಪರೀಕ್ಷೆ, ನಮಗೆ ಬೀಮು. ಆರು ವರ್ಷದ ಹುಡುಗನ ಅಳತೆಯ ಆ ಸ್ವೆಟರಿಗೆ ಮೂಲ ಹಕ್ಕುದಾರ ಈಗ ಕಾಲೇಜಿಗೆ ಹೋಗುತ್ತಾನೆ. ಆದರೆ ಮೊಮ್ಮಗ ಇನ್ನೂ ಅಂಬೆಗಾಲು ಬಿಟ್ಟು ನಡೆಯುವವನು. ಅವನಿಗೆ ಅದು ಒಪ್ಪುವ ಕಾಲಕ್ಕೆ ನಾಲ್ಕೈದು ವರ್ಷ ಇದೆ. ಇಷ್ಟು ಧಾರಾಳವಾದ ವಾಯಿದೆ ನಮ್ಮ ಮನೆಯ ಯಾವ ಕೆಲಸಕ್ಕೂ ಈವರೆಗೆ ಸಿಕ್ಕಿರಲಿಲ್ಲ.

ಇದನ್ನು ಬರೆಯುತ್ತಿರುವ ಈ ಹೊತ್ತಿನಲ್ಲಿ ರಾತ್ರಿ ಪಾಳಿಯ ಮಗ್ಗಗಳು ಗೋಡೆಯಾಚೆ ಮೀಟರು ಎಣಿಸುತ್ತಿವೆ. ಈಚೆ ಚಾಪೆಯ ಮೇಲೆ ಹುಡುಗಿ ಕುಣಿಕೆ ಎಣಿಸುತ್ತಿದ್ದಾಳೆ. ಐವತ್ತೈದು, ಐವತ್ತಾರು. ಅಲ್ಲಿ ತಡೆದು ತಲೆಯೆತ್ತುತ್ತಾಳೆ. “ಕಾಕೂನ ಕೇಳಬ್ಯಾಡ, ನಾನ ಹೇಳ್ತೀನಿ” ಎಂದು ಪಕ್ಕದಲ್ಲಿದ್ದ ಕಾಲೇಜಿನ ಅಣ್ಣ ಕೀಟಲೆ ಮಾಡುತ್ತಾನೆ. ಅವನಿಗೂ ಬಾರದೆಂದು ನಮಗೆ ಗೊತ್ತು. ನಾವಿಬ್ಬರೂ ಒಟ್ಟಿಗೆ ಹೇಳುತ್ತೇವೆ: ಐವತ್ತೇಳು.