ಸಿಂಕ್ ಪೈಪಿನ ಕತ್ತಿ

ಸ್ಟಾರ್ ವಾರ್ಸ್ ಸಿನಿಮಾ ನೋಡಿದ್ದೀರಾ? ನೋಡದೇ ಇದ್ರೂ ಪರವಾಗಿಲ್ಲ, ಅದರಲ್ಲಿ ಬರೋ ಬೆಳಕಿನ ಕತ್ತಿಯನ್ನಂತೂ ಎಲ್ಲಾದರೂ ನೋಡೇ ಇರ್ತೀರ. ಗೇಣಿಗಿಂತ ತುಸು ಉದ್ದದ ಒಂದು ಹಿಡಿ. ಗುಂಡಿ ಒತ್ತಿದರೆ ಝುಂಯ್ ಅಂತ ಮೂರಡಿ ಬೆಳಕು ಹೊರಗೆ ಬರುತ್ತೆ. ಲೈಟ್‌ಸೇಬರ್ ಅಂತ ಅದರ ಹೆಸರು.

ನನಗೆ ಆ ಸಿನಿಮಾದ ಕಥೆಗಿಂತ ಆ ಹಿಡಿಯ ಕಥೆ ಇಷ್ಟ. 1977ರಲ್ಲಿ ತೆರೆಗೆ ಬಂದ ಮೊದಲ ಚಿತ್ರಕ್ಕೆ ಸೆಟ್ ಅಲಂಕಾರದ ಕೆಲಸ ರಾಜರ್ ಕ್ರಿಶ್ಚಿಯನ್ ಅನ್ನೋರದ್ದು. ಲಂಡನ್ನಿನ ಒಂದು ಕ್ಯಾಮೆರಾ ಅಂಗಡಿಯಲ್ಲಿ ಅವರಿಗೆ ಹಳೇ ಗ್ರಾಫ್ಲೆಕ್ಸ್ ಫ್ಲಾಶಿನ ಹಿಡಿಗಳು ಸಿಕ್ಕವು. 1940ರ ದಶಕದ ಪತ್ರಿಕಾ ಛಾಯಾಗ್ರಾಹಕರು ದೊಡ್ಡ ಕ್ಯಾಮೆರಾ ಪಕ್ಕದಲ್ಲಿ ತಟ್ಟೆಯಂಥ ಫ್ಲಾಶ್ ಹಿಡ್ಕೊಂಡಿರ್ತಾರಲ್ಲ, ಆ ಫ್ಲಾಶಿನ ಕೆಳಗಿರೋ ಪೈಪು. ಒಳಗೆ ಮೂರು ದಪ್ಪ ಟಾರ್ಚ್ ಸೆಲ್ಲು. ಇವರು ಅದಕ್ಕೆ ಬೀರುವಿನ ಬಾಗಿಲಿಗೆ ಹಾಕೋ ಪಟ್ಟಿಯನ್ನು ತುಂಡು ಮಾಡಿ ಸೂಪರ್ ಗ್ಲೂ ಹಚ್ಚಿ ಅಂಟಿಸಿದ್ರು, ಕ್ಯಾಲ್ಕುಲೇಟರ್ ಒಂದರ ಅಂಕಿಗಳ ಮೇಲಿರೋ ಗುಳ್ಳೆ ಗುಳ್ಳೆ ಪ್ಲಾಸ್ಟಿಕ್ಕನ್ನೂ ಸೇರಿಸಿದ್ರು. ಮುಗೀತು! 1978ರಲ್ಲಿ ಆ ಚಿತ್ರದ ಕಲಾ ನಿರ್ದೇಶನಕ್ಕೆ ಆಸ್ಕರ್ ಬಂದಾಗ ಹಂಚಿಕೊಂಡವರಲ್ಲಿ ಇವರೂ ಒಬ್ಬರು.

ಮುದುಕ ಗುರು ಓಬಿ-ವಾನ್ ಕೈಲಿರೋ ಕತ್ತಿ ಇನ್ನೂ ಮಜಾ. ಅಭಿಮಾನಿಗಳು ವರ್ಷಗಟ್ಟಲೆ ಕೂತು ಅದರ ಒಂದೊಂದು ತುಂಡನ್ನೂ ಪತ್ತೆ ಮಾಡಿದ್ದಾರೆ. ರೋಲ್ಸ್-ರಾಯ್ಸ್ ಡರ್ವೆಂಟ್ ಜೆಟ್ ಎಂಜಿನ್ನಿನ ಒಂದು ಪೈಪು, ಮೊದಲ ಮಹಾಯುದ್ಧದ ಕಾಲದ ರೈಫಲ್ ಗ್ರೆನೇಡು, ಮಶಿನ್ ಗನ್ನಿನ ಬಾಯಿಯ ತುಂಡು, ಕೊನೆಗೆ... ಆರ್ಮಿಟೇಜ್ ಶಾಂಕ್ಸ್ ಕಂಪನಿಯ ಬಚ್ಚಲುಮನೆ ನಲ್ಲಿಯ ತಿರುಪು! ಬ್ರಹ್ಮಾಂಡ ಕಾಯೋ ಯೋಧನ ಆಯುಧದಲ್ಲಿ ನಲ್ಲಿ ತಿರುಪು ಇದೆ ಅಂದ್ರೆ ನಾನೂ ಒಂದು ಮಾಡಬಹುದು ಅನ್ನಿಸೋದು ಸಹಜ ತಾನೇ? :-)

ಮಾಡಬೇಕಾಗಿ ಬಂದಿದ್ದು ಮಗಳಿಂದ. ಹನ್ನೆರಡು ವರ್ಷ. ಶಾಲೆಯ ವೇಷಭೂಷಣ ಸ್ಪರ್ಧೆಗೆ ಲ್ಯೂಕ್ ಸ್ಕೈವಾಕರ್ ಆಗ್ತೀನಿ ಅಂತ ಹಟ. ಅಂಗಿಗೇನೂ ತೊಂದರೆ ಇರಲಿಲ್ಲ, ಅಜ್ಜಿಯ ಕೆನೆಬಣ್ಣದ ಕಾಟನ್ ಸೀರೆ ಒಂದು ಕತ್ತರಿಗೆ ಬಲಿಯಾಯ್ತು. ಕತ್ತಿ ಮಾತ್ರ ಅಂಗಡೀಲಿ ಚೆನ್ನಾಗಿರೋದು ಕೊಳ್ಳೋ ಹಾಗಿಲ್ಲ, ಕೊಳ್ಳೋ ಹಾಗಿರೋದು ಚೆನ್ನಾಗಿಲ್ಲ.

ಇಲ್ಲಿ ಅಪ್ಪನ ವಿಷಯ ಹೇಳಬೇಕು. ಅಪ್ಪ ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಟರ್ನರ್. ಮನೆಯಲ್ಲಿ ಅವರದ್ದೊಂದು ತಗಡಿನ ಟೂಲ್ ಬಾಕ್ಸ್ ಇದೆ. ಚಿಕ್ಕವನಿದ್ದಾಗ ನಾನು ಅದನ್ನ ಮುಟ್ಟಿದ್ರೆ ಮನೆ ಹಾರಿಹೋಗೋ ಹಾಗೆ ಕೂಗ್ತಿದ್ರು. ನಾಲ್ಕು ವರ್ಷದ ಹಿಂದೆ ಕೈ ನಡುಕ ಶುರುವಾಯ್ತು. ಪಾರ್ಕಿನ್ಸನ್ ಅಲ್ಲ, ಎಸೆನ್ಷಿಯಲ್ ಟ್ರೆಮರ್ ಅಂದ್ರು ಡಾಕ್ಟ್ರು. ಅದರ ಸ್ವಭಾವ ನೋಡಿ, ತೊಡೆ ಮೇಲೆ ಕೈ ಇಟ್ಟು ಸುಮ್ಮನೆ ಕೂತಾಗ ಏನೂ ಇರಲ್ಲ. ಕೆಲಸಕ್ಕೆ ಕೈ ಚಾಚಿದ ತಕ್ಷಣ ಶುರು. ಕಾಫಿ ಲೋಟ ಎತ್ತಿದ್ರೆ ಅರ್ಧ ಪಂಚೆ ಮೇಲೆ. ಜೀವನವಿಡೀ ಕೈಯಿಂದಲೇ ಮಾತಾಡಿದ ಮನುಷ್ಯನಿಗೆ ಇಂಥದ್ದು ಬರಬಾರದಿತ್ತು. ಅವತ್ತಿಂದ ಬಾಕ್ಸ್ ಮಂಚದ ಕೆಳಗೆ. ಯುಗಾದಿಗೆ ಮನೆ ಗುಡಿಸುವಾಗ "ಅದನ್ನ ಗುಜರಿಯವನಿಗೆ ಕೊಟ್ಬಿಡು, ಜಾಗಕ್ಕೆ ದಂಡ" ಅಂತ ಅಂದಿದ್ರು. ನಾನು ಕೇಳಿಸದವನ ಹಾಗೆ ಇದ್ದೆ.

ಸರಿ, ಪ್ಲಂಬಿಂಗ್ ಸಾಮಾನಿನ ಅಂಗಡಿಗೆ ಹೋದೆ. ವಾಷ್ ಬೇಸಿನ್ ಕೆಳಗೆ ಬಾಟಲ್ ಟ್ರ್ಯಾಪಿನಿಂದ ಗೋಡೆಗೆ ಹೋಗುತ್ತಲ್ಲ, ಹಿತ್ತಾಳೆ ಮೇಲೆ ಕ್ರೋಮ್ ಹಾಕಿದ ಹೊಳೆಯೋ ಪೈಪು, ಅದು ಬೇಕಿತ್ತು. 32 ಮಿಲಿಮೀಟರ್.

"ಸಿಂಕಿಗಾ ಸಾರ್, ಬೇಸಿನ್ನಿಗಾ?"

"ಕತ್ತಿಗೆ."

ಅವನು ನನ್ನ ಮುಖ ನೋಡಿದ ರೀತಿ ಬರೆಯೋಕಾಗಲ್ಲ ಬಿಡಿ.

ಮನೆಗೆ ಬಂದು ಹ್ಯಾಕ್ಸಾ ಹುಡುಕ್ತಾ ಇದ್ದಾಗ ಅಪ್ಪ ಕುರ್ಚಿಯಿಂದಲೇ ಪೈಪನ್ನ ಕೊಡು ಅಂತ ಸನ್ನೆ ಮಾಡಿದ್ರು. ಹೆಬ್ಬೆರಳ ಉಗುರನ್ನ ಅಂಚಿನ ಮೇಲೆ ಆಡಿಸಿ, "ತೆಳ್ಳಗಿದೆ. ವೈಸಿಗೆ ಕೊಟ್ರೆ ಚಪ್ಪಟೆ ಆಗುತ್ತೆ. ಒಳಗೆ ಮರದ ತುಂಡು ಹಾಕು, ಮೇಲೆ ಸೈಕಲ್ ಟ್ಯೂಬ್ ಸುತ್ತು, ಗೆರೆ ಹೊಡೆಯೋ ಕಡೆ ಟೇಪ್ ಅಂಟಿಸು, ಇಲ್ದಿದ್ರೆ ಕ್ರೋಮ್ ಏಳುತ್ತೆ" ಅಂದ್ರು. ಆ ತಿಂಗಳಲ್ಲಿ ಅವರು ಆಡಿದ ಅತೀ ಉದ್ದದ ಮಾತು ಅದು.

ಹಿಡಿಯ ಸುತ್ತ ಆರು ಕಪ್ಪು ಪಟ್ಟಿ ಅಂಟಿಸಬೇಕು. ಅಲ್ಯೂಮಿನಿಯಂ ಕಿಟಕಿ ಮಾಡೋರ ಹತ್ರ ಗಾಜಿನ ಅಂಚಿಗೆ ಹಾಕೋ ರಬ್ಬರ್ ಬೀಡಿಂಗ್ ಸಿಕ್ಕಿತ್ತು. ಆದ್ರೆ ದುಂಡಗಿನ ಪೈಪಿನ ಮೇಲೆ ಆರು ಗೆರೆ ಸಮಸಮವಾಗಿ ಎಳೆಯೋದು ಹೇಗೆ? ಮಗಳು ಶಾಲೆಯಲ್ಲಿ ಪೈ ಕಲಿತ ಹೊಸ ಹುರುಪಿನಲ್ಲಿ 32ನ್ನು 3.14ರಿಂದ ಗುಣಿಸಿ 100.48 ಅಂದ್ಳು, ಆರರಿಂದ ಭಾಗಿಸಿ 16.75 ಅಂತ ಬರೆದ್ಲು. ತಾತ ಏನೂ ಹೇಳದೆ ಹಳೇ ಪೇಪರಿನ ಒಂದು ಪಟ್ಟಿ ಹರಿದು ಪೈಪಿಗೆ ಸುತ್ತಿಸಿದ್ರು, ಅಂಚು ಸೇರೋ ಕಡೆ ಕತ್ತರಿಸಿ ಅಂದ್ರು. ಬಿಚ್ಚಿ ಅರ್ಧಕ್ಕೆ ಮಡಚು, ಅದನ್ನ ಮೂರು ಮಡಿಕೆ ಮಾಡು, ಮತ್ತೆ ಸುತ್ತು, ಮಡಿಕೆ ಇರೋ ಕಡೆ ಪೆನ್ಸಿಲ್. ಅವಳು ಮಡಿಕೆಗಳ ನಡುವೆ ಸ್ಕೇಲ್ ಇಟ್ಟು ನೋಡಿದ್ಲು. ಹದಿನೇಳಕ್ಕೆ ಸ್ವಲ್ಪ ಕಮ್ಮಿ!

"ತಾತ, ನೀವು ಪೈ ಇಲ್ದೇನೇ ಮಾಡಿದ್ರಿ!"

"ಪೈ ಪೈಪಿನೊಳಗೇ ಇರುತ್ತೆ ಕಂದ."

ಅಲ್ಲಿಂದ ಅವರಿಬ್ಬರದ್ದೇ ದರ್ಬಾರು. ನಾನು ಹೇಳಿದ ಕೆಲಸ ಮಾಡೋ ಹೆಲ್ಪರ್.

ಬೆಳಕಿಗೆ ಎಸ್.ಪಿ. ರೋಡಿಗೆ ಹೋಗಿ ಬಂದೆ. ಸಿನಿಮಾದಲ್ಲೇನೂ ಕತ್ತಿ ಉರೀತಿರಲಿಲ್ಲ. ಮೊದಲ ಚಿತ್ರದಲ್ಲಿ ಕೋಲಿಗೆ ರಸ್ತೆ ಫಲಕಗಳಲ್ಲಿ ಇರುತ್ತಲ್ಲ, ಬೆಳಕು ಬಿದ್ದ ಕಡೆಗೇ ವಾಪಸ್ ಹೊಳೆಯೋ ಹಾಳೆ, ಅದನ್ನ ಸುತ್ತಿ ಮೋಟಾರಿನಿಂದ ತಿರುಗಿಸಿದ್ರು. ಆಮೇಲೆ ಒಂದೊಂದು ಫ್ರೇಮಿನ ಮೇಲೂ ಬಣ್ಣದ ಬೆಳಕು ಸೇರಿಸಿದ್ದು. ನಮಗೆ ಎಲ್‌ಇಡಿ ಇದೆ, ನಾವು ಜಾರ್ಜ್ ಲ್ಯೂಕಾಸ್‌ಗಿಂತ ಅದೃಷ್ಟವಂತರು. ಎಲ್‌ಇಡಿ ಟ್ಯೂಬ್‌ಲೈಟಿನ ಹಾಲುಬಣ್ಣದ ಪ್ಲಾಸ್ಟಿಕ್ ಕವಚ ಒಂದನ್ನ 80 ಸೆಂಟಿಮೀಟರಿಗೆ ಕೊಯ್ದು, ಒಳಗೆ ನೀಲಿ ಎಲ್‌ಇಡಿ ಪಟ್ಟಿ ಎರಡನ್ನ ಬೆನ್ನಿಗೆ ಬೆನ್ನು ಅಂಟಿಸಿ ಇಳಿಬಿಟ್ಟೆ. (ಯಾರಾದ್ರೂ ಮಾಡೋರಿದ್ರೆ ಒಂದು ಮಾತು: ಹಳೇ ಗಾಜಿನ ಟ್ಯೂಬ್‌ಲೈಟ್ ಕಡೆ ಹೋಗ್ಬೇಡಿ, ಅದರೊಳಗೆ ಪಾದರಸ ಇರುತ್ತೆ.) ಟ್ಯೂಬಿನ ಟಿ8 ಅನ್ನೋ ಅಳತೆ ಅಂದ್ರೆ ಎಂಟರಲ್ಲಿ ಎಂಟು ಭಾಗ, ಅಂದ್ರೆ ಒಂದು ಇಂಚು ದಪ್ಪ.

ಹಿಡಿಯೊಳಗೆ ಒಂದರ ಹಿಂದೆ ಒಂದು ಮೂರು 18650 ಸೆಲ್ಲು, ಜೊತೆಗೆ ಅದರ ರಕ್ಷಣೆಯ ಪುಟ್ಟ ಸರ್ಕ್ಯೂಟು. ಒಂದೊಂದು 3.7 ವೋಲ್ಟ್, ಒಟ್ಟು 11.1. ಗ್ರಾಫ್ಲೆಕ್ಸಿನಲ್ಲೂ ಮೂರೇ ಸೆಲ್ ಇದ್ದಿದ್ದು ಅಂತ ನೆನಪಾಗಿ ಖುಷಿಯಾಯ್ತು. ಆದ್ರೆ ಲಿಥಿಯಂ ಸೆಲ್ಲು ಲೋಹದ ಪೈಪಿಗೆ ತಾಗಿ ಶಾರ್ಟ್ ಆದ್ರೆ ಮಗಳ ಕೈಯಲ್ಲಿ ಪಟಾಕಿ. ಅದಕ್ಕೆ ಕರೆಂಟ್ ವೈರ್ ಎಳೆಯೋ 25 ಮಿಲಿಮೀಟರ್ ಪಿವಿಸಿ ಪೈಪಿನೊಳಗೆ ಸೆಲ್ಲುಗಳನ್ನ ಕೂರಿಸಿ, ಆ ಪೈಪನ್ನ ಹಿಡಿಯೊಳಗೆ ತೂರಿಸಿದ್ದು. ಮಿಕ್ಕಿದ ಪಿವಿಸಿ ತುಂಡನ್ನ ಅಪ್ಪ ಎಸೆಯೋಕೆ ಬಿಡಲಿಲ್ಲ. ಉದ್ದಕ್ಕೆ ಸೀಳಿ, ಕುದಿಯೋ ನೀರಲ್ಲಿ ಅದ್ದಿಸಿ ಮೆತ್ತಗಾದ ಮೇಲೆ ಬೆಳಕಿನ ಕೊಳವೆಯ ಬುಡಕ್ಕೆ ಸುತ್ತಿಸಿದ್ರು. ತಣ್ಣಗಾದಾಗ ಅದು ಹಿಡಿಯ ಬಾಯಿಗೆ ಅಳತೆ ತೆಗೆದು ಮಾಡಿದ ಬುಷ್ ಆಗಿತ್ತು. ಒಂದೇ ಪೈಪು, ಎರಡು ಕೆಲಸ.

ಇನ್ನು ಕೊಳವೆ ಬೀಸುವಾಗ ಹಾರಿಹೋಗದ ಹಾಗೆ ಒಂದು ಸ್ಕ್ರೂ ಬೇಕು. ಅಷ್ಟು ತೆಳ್ಳನೆ ಪೈಪಿನಲ್ಲಿ ಥ್ರೆಡ್ ಹಿಡಿಯಲ್ಲ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಬಾಕ್ಸ್ ಎಳಿ" ಅಂದ್ರು.

ಎಳೆದೆ. ನಾಲ್ಕು ವರ್ಷದ ಧೂಳು. ತೆಗೆದ್ರೆ ಅದೇ ಗ್ರೀಸು, ಸೀಮೆಎಣ್ಣೆ ವಾಸನೆ. ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟ ವರ್ನಿಯರ್. ಮೂಲೆಯಲ್ಲೊಂದು ದಪ್ಪನೆ ಹಿತ್ತಾಳೆ ಬಳೆ. ಪೈಪಿಗೆ ಹಾಕಿದ್ರೆ ಸರ್ರಂತ ಜಾರಿ ಕೂತಿತು.

"ಇದ್ಯಾವುದಪ್ಪಾ?"

"ರಿಜೆಕ್ಟ್ ಪೀಸು. ಒಳಗಡೆ ಕೂದಲೆಳೆಯಷ್ಟು ದೊಡ್ಡದಾಗಿತ್ತು."

"ಇಟ್ಕೊಂಡಿದ್ಯಾಕೆ?"

"ಸುಮ್ನೆ ಇತ್ತು."

ಎಂ4 ಸ್ಕ್ರೂ. ಡ್ರಿಲ್ ಎಷ್ಟರದ್ದು ಅಂತ ನಾನು ಫೋನ್ ತೆಗೆಯೋದ್ರೊಳಗೆ "ಮೂರು ಪಾಯಿಂಟ್ ಮೂರು" ಅಂದ್ರು. ಡಾಟ್ ಪಂಚ್ ಹೊಡೆದು ತೂತು ಕೊರೆದಿದ್ದು ನಾನು. ಟ್ಯಾಪ್ ನೆಟ್ಟಗೆ ನಿಲ್ಲಿಸಿ ಎರಡು ಸುತ್ತು ಹಾಕಿದ್ದೂ ನಾನೇ. ಆಮೇಲೆ "ಸರಿ, ಕೊಡು" ಅಂದ್ರು.

ಎಂ4 ಟ್ಯಾಪ್ ಅಂದ್ರೆ ಕಡ್ಡಿ ಇದ್ದ ಹಾಗೆ. ಸ್ವಲ್ಪ ಓರೆಯಾದ್ರೆ ಪಟ್ ಅಂತ ಮುರಿದು ತೂತಿನೊಳಗೇ ಸಿಕ್ಕಿಕೊಳ್ಳುತ್ತೆ. ಇದ್ದ ಬಳೆ ಒಂದೇ. ಟ್ಯಾಪ್ ಮುರಿದ್ರೆ ಅಂಗಡಿಯಲ್ಲಿ ಇನ್ನೊಂದು ಸಿಗುತ್ತೆ, ಆದ್ರೆ ಮೊಮ್ಮಗಳ ಎದುರಿಗೆ ಅವರ ಕೈಯಲ್ಲಿ ಮುರಿದ್ರೆ? ಬೇಡ ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು. ಹೆಂಡತಿ ಅಡುಗೆಮನೆ ಬಾಗಿಲಿಂದ ಕಣ್ಣಲ್ಲೇ ಸುಮ್ನಿರಿ ಅಂದ್ಲು.

ಹಿಡಿ ಮುಟ್ಟಿದ ಕ್ಷಣ ನಡುಕ ನಿಂತೇಹೋಯ್ತು ಅಂತ ಬರೆದ್ರೆ ಅದು ಸಿನಿಮಾ ಆಗುತ್ತೆ. ನಿಲ್ಲಲಿಲ್ಲ. ಟ್ಯಾಪ್ ಹಿಡಿಯ ಎರಡೂ ತುದಿ ಕಟಕಟ ಅಲುಗ್ತಿತ್ತು. ಅಪ್ಪ ಎರಡೂ ಮೊಣಕೈಯನ್ನ ಮೇಜಿಗೆ ಒತ್ತಿದ್ರು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿತ್ತಾಳೆ ಪುಡಿ ಉದುರಿದ ಮೇಲೆ ಮತ್ತೆ ಅರ್ಧ ಸುತ್ತು. ಲೋಹ ಕಚ್ಚಿಕೊಂಡಾಗ ಅಲುಗಾಟ ಸ್ವಲ್ಪ ಕಮ್ಮಿ, ಬಿಟ್ಟಾಗ ಮತ್ತೆ ಜಾಸ್ತಿ. ಐದು ಮಿಲಿಮೀಟರ್ ದಪ್ಪದ ಹಿತ್ತಾಳೆಗೆ ಹತ್ತು ನಿಮಿಷ ಹಿಡೀತು. ಮೊದಲಾಗಿದ್ರೆ ಅರ್ಧ ನಿಮಿಷದ ಕೆಲಸ. ಟ್ಯಾಪ್ ಒಳಗಡೆಯಿಂದ ಮೂತಿ ತೋರಿಸಿದಾಗ ಮಗಳು ಚಪ್ಪಾಳೆ ಹೊಡೆದ್ಲು. ಅಪ್ಪ ಸ್ಕ್ರೂ ಹಾಕಿ ತೆಗೆದು, ತೂತಿನ ಅಂಚಿನ ಮೇಲೆ ಉಗುರಾಡಿಸಿ, "ಬರ್ ಇದೆ, ತೆಗಿ" ಅಂತ ನನ್ನ ಕೈಗೆ ಕೊಟ್ಟು ಕಾಫಿ ಕೇಳಿದ್ರು.

ಅವತ್ತು ರಾತ್ರಿ ದೀಪ ಆರಿಸಿ ಕತ್ತಿ ಹೊತ್ತಿಸಿದ್ವಿ. ಹಾಲ್ ಎಲ್ಲ ನೀಲಿ. ಮಗಳು ಎರಡು ಸಲ ಬೀಸಿ ತಾತನ ಕೈಗೆ ಕೊಟ್ಟಳು. ಹಿಡಿಯಲ್ಲಿ ಎಳ್ಳಷ್ಟು ನಡುಕ ಇದ್ರೆ ಮೂರಡಿ ದೂರದ ತುದಿಯಲ್ಲಿ ಅದು ಗೇಣಾಗುತ್ತೆ. ನೀಲಿ ಗೆರೆ ಗೋಡೆ ಮೇಲೆ ಪಟಪಟ ಅಂತ ಹಾರಾಡ್ತಿತ್ತು. ಅಪ್ಪ ಅದನ್ನೇ ನೋಡ್ತಾ ನಿಂತ್ರು. ಯಾರಿಗೂ ಏನು ಹೇಳಬೇಕು ಅಂತ ತೋಚಲಿಲ್ಲ.

"ಎರಡೂ ಕೈಯಲ್ಲಿ ಹಿಡೀಬೇಕು ತಾತ, ಲ್ಯೂಕ್ ಕೂಡ ಹಂಗೇ ಹಿಡಿಯೋದು" ಅಂದ್ಲು ಮಗಳು. ಭಾರವಾದ ಕತ್ತಿ ಅನ್ನಿಸಬೇಕು ಅಂತ ಮೊದಲ ಚಿತ್ರದಲ್ಲಿ ಹಾಗೇ ಹಿಡಿಸಿದ್ರಂತೆ, ಅವಳು ಸುಳ್ಳು ಹೇಳ್ತಿರಲಿಲ್ಲ.

ಅಪ್ಪ ಎರಡೂ ಕೈ ಸೇರಿಸಿದ್ರು. ಆಗಲೂ ಅಲುಗ್ತಿತ್ತು, ಸ್ವಲ್ಪ ಕಮ್ಮಿ. "ಸದ್ದು ಬರಲ್ವಾ ಇದರಲ್ಲಿ?" ಅಂದ್ರು. ಸದ್ದಿನ ಸರ್ಕ್ಯೂಟಿಗೆ ನಮ್ಮ ಬಜೆಟ್ಟಿನಲ್ಲಿ ಜಾಗ ಇರಲಿಲ್ಲ. ಸಿನಿಮಾಕ್ಕೆ ಬೆನ್ ಬರ್ಟ್ ಅನ್ನೋರು ಹಳೇ ಪ್ರೊಜೆಕ್ಟರ್ ಮೋಟಾರಿನ ಗುಂಯ್‌ಗುಡುವಿಕೆಗೆ ಟೀವಿ ಪಿಕ್ಚರ್ ಟ್ಯೂಬಿನ ಗೊರಗೊರ ಬೆರೆಸಿ ಆ ಸದ್ದು ಮಾಡಿದ್ದು. ನಮ್ಮಲ್ಲಿ ಮಗಳು ಬಾಯಲ್ಲೇ ಮಾಡಿದ್ಲು, ತಾತ ತಿರುಗಿದ ಕಡೆಗೆಲ್ಲ ಝೂಂಯ್, ಝೂಂಯ್ ಅಂತ, ಹೆಂಡತಿ ಊಟಕ್ಕೆ ಕರೆಯೋವರೆಗೂ.

ಸ್ಪರ್ಧೆ ಏನಾಯ್ತು ಅಂತ ಕೇಳ್ತೀರಲ್ಲ, ಬಹುಮಾನ ಬದನೆಕಾಯಿ ವೇಷದ ಒಂದನೇ ಕ್ಲಾಸಿನ ಪಾಪುವಿಗೆ ಬಂತು. ನ್ಯಾಯವೇ ಬಿಡಿ, ತಲೆ ಮೇಲಿನ ತೊಟ್ಟು ಬಹಳ ಚೆನ್ನಾಗಿತ್ತು.

ಹೋದ ವಾರ ಗುಜರಿಯವನು ಬೀದಿಯಲ್ಲಿ ಕೂಗ್ತಾ ಬಂದ. ನಾನು ಅಪ್ಪನ ಕಡೆ ನೋಡಿದೆ. ಅವರು ಪೇಪರಿನಿಂದ ತಲೆ ಎತ್ತದೆ "ಏನೂ ಇಲ್ಲ ಅಂತ ಹೇಳು" ಅಂದ್ರು.

ಈಗ ಮಗಳಿಗೆ ಓಬಿ-ವಾನ್ ಕತ್ತಿಯೂ ಬೇಕಂತೆ. ಅದರಲ್ಲಿ ನಲ್ಲಿ ತಿರುಪು ಇದೆ ಅನ್ನೋ ವಿಷಯ ತಾತನಿಗೆ ಹೇಳಿದ್ದಾಳೆ. ನಿನ್ನೆ ಬೆಳಿಗ್ಗೆ ಬಚ್ಚಲುಮನೆ ಬಾಗಿಲು ತಟ್ಟಿದ್ರೆ ಅರ್ಧ ಗಂಟೆ ತೆಗೀಲಿಲ್ಲ. ಹೊರಗೆ ಬಂದಾಗ ಅಪ್ಪನ ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ವರ್ನಿಯರ್.