ಲಸಿಕೆಗೂ ಒಂದು ಒಗ್ಗರಣೆ

ಲಸಿಕೆ ಹಾಕಿಸಿಕೊಂಡ ತೋಳು ಎರಡು ದಿನ ನೋಯುವುದೇಕೆಂದರೆ, ಸೂಜಿ ಚುಚ್ಚಿತಲ್ಲ, ಅದಕ್ಕೆ ಎನ್ನುವವರೇ ಬಹಳ. ಪಾಪ, ಸೂಜಿಯ ತಪ್ಪು ಅದರಲ್ಲಿ ಅಲ್ಪ. ಅನೇಕ ಲಸಿಕೆಗಳಲ್ಲಿ ಮುಖ್ಯ ವಸ್ತುವಿನೊಡನೆ ಒಂದು ಒಗ್ಗರಣೆಯನ್ನೂ ಹಾಕಿರುತ್ತಾರೆ. ವಿಜ್ಞಾನಿಗಳು ಅದಕ್ಕೆ ಅಡ್ಜುವಂಟ್ ಎನ್ನುತ್ತಾರೆ. ‘ನೆರವಾಗು’ ಎಂಬ ಲ್ಯಾಟಿನ್ ಧಾತುವಿನಿಂದ ಬಂದ ಮಾತು.

ಒಗ್ಗರಣೆಯೆಂದದ್ದು ಬರಿಯ ತಮಾಷೆಗಲ್ಲ. 1920ರ ದಶಕದಲ್ಲಿ ಫ್ರಾನ್ಸಿನ ಪಶುವೈದ್ಯ ಗಸ್ತೋಂ ರಾಮೋಂ ಡಿಫ್ತೀರಿಯಾದ ಪ್ರತಿವಿಷ ಪಡೆಯಲು ಕುದುರೆಗಳಿಗೆ ಸೂಜಿ ಹಾಕುತ್ತಿದ್ದ. ಚುಚ್ಚಿದೆಡೆ ಬಾವು ಬಂದ ಕುದುರೆಗಳಲ್ಲೇ ಪ್ರತಿವಿಷ ಹೆಚ್ಚು! ಸರಿ, ಬೇಕೆಂದೇ ಬಾವು ಬರಿಸಲು ಮರಗೆಣಸಿನ ಹಿಟ್ಟು, ಬ್ರೆಡ್ಡಿನ ಪುಡಿ ಬೆರೆಸಿ ನೋಡಿದ, ಫಲಿಸಿತು. ಅಡುಗೆಮನೆಯ ಡಬ್ಬಿಗಳನ್ನು ತಡಕಾಡಿದ ಈ ವಿಜ್ಞಾನಿಯ ಮೇಲೆ ನನಗೆ ವಿಶೇಷ ಪ್ರೀತಿ. 1926ರಲ್ಲಿ ಇಂಗ್ಲೆಂಡಿನ ಗ್ಲೆನ್ನಿ ಪಟಿಕ ಬೆರೆಸಿದ. ಆ ಜಾತಿಯ ಅಲ್ಯುಮಿನಿಯಂ ಲವಣಗಳು ಇಂದಿಗೂ ಬಳಕೆಯಲ್ಲಿವೆ.

ಏಕೆ ಫಲಿಸುತ್ತದೆಂಬುದು ಮಾತ್ರ ಬಹುಕಾಲ ಹೊಳೆಯಲಿಲ್ಲ. 1989ರಲ್ಲಿ ಅಮೆರಿಕದ ಚಾರ್ಲ್ಸ್ ಜೇನ್‌ವೇ, ಇದು ನಮ್ಮ ಶಾಸ್ತ್ರದವರು ಬಚ್ಚಿಟ್ಟುಕೊಂಡ ಗುಟ್ಟೆಂದು ಬಾಯಿಬಿಟ್ಟರು. ಹೊಸಬನೊಬ್ಬ ಬಂದ ಮಾತ್ರಕ್ಕೆ ದೇಹ ಆಯುಧ ಹಿಡಿಯದು. ರೋಗಾಣುವಿನ ಗುರುತು ಕಾಣಬೇಕು. ಅದನ್ನು ಹಿಡಿಯುವ ಗ್ರಾಹಕಗಳು ಹುಟ್ಟಿನಿಂದಲೇ ನಮ್ಮಲ್ಲಿರಬೇಕು ಎಂದು ಊಹಿಸಿದರು. 1996ರಲ್ಲಿ ಜೂಲ್ಸ್ ಹಾಫ್‌ಮನ್ ತಂಡ ಹಣ್ಣಿನ ನೊಣದಲ್ಲಿ, 1998ರಲ್ಲಿ ಬ್ರೂಸ್ ಬಾಯ್ಟ್ಲರ್ ತಂಡ ಇಲಿಯಲ್ಲಿ ‘ಟೋಲ್’ ಕುಲದ ಗ್ರಾಹಕಗಳ ಕಾವಲುಗೆಲಸವನ್ನು ತೋರಿಸಿದುವು. 2011ರಲ್ಲಿ ಇಬ್ಬರಿಗೂ ನೊಬೆಲ್ ಬಂತು. (ಟೋಲ್ ಎಂದರೆ ಜರ್ಮನಿನಲ್ಲಿ ‘ಭಲೇ!’ ಎಂದಂತೆ; ಹೆದ್ದಾರಿಯ ಟೋಲ್ ಅಲ್ಲ.)

ಗುರುತು ಸಿಕ್ಕಿದೊಡನೆ ಕಾವಲು ಕೋಶ ಲಸಿಕೆಯ ಚೂರನ್ನು ಹೊತ್ತು ಕಂಕುಳಿನ ದುಗ್ಧಗ್ರಂಥಿಗೆ ಹೋಗಿ, ಅಲ್ಲಿನ ಟಿ ಕೋಶಗಳಿಗೆ ಅಪಾಯವೆಂದು ಸಾರುತ್ತದೆ. ಹಾಗೆ ಸಾರದಿದ್ದರೆ ಅವು ಕಂಡೂ ಕಾಣದಂತಿರುತ್ತವೆ. ನಮ್ಮ ಕೋವ್ಯಾಕ್ಸಿನ್‌ನಲ್ಲಿ ಅಲ್ಯುಮಿನಿಯಂ ಲವಣಕ್ಕೆ ಅಂಟಿಸಿದ ಅಣುವೊಂದು, ವೈರಸ್ಸಿನ ಆರ್‌ಎನ್‌ಎ ಕಂಡಾಗ ಏಳುವ 7 ಮತ್ತು 8ನೆಯ ಟೋಲ್ ಗ್ರಾಹಕಗಳನ್ನು ತಟ್ಟುತ್ತದೆ. ಬರಿಯ ಪಟಿಕದ ದಾರಿ ಬೇರೆ. ಎಬ್ಬಿಸುವ ಕೆಲಸ ಒಂದೇ.

ನಮ್ಮ ದೊಡ್ಡಮ್ಮ ಮೊಳೆ ತುಳಿದು ಧನುರ್ವಾಯುವಿನ ಸೂಜಿ ಹಾಕಿಸಿಕೊಂಡಾಗ ತೋಳು ಊದಿತು. ತಿಂಗಳಾದ ಮೇಲೆ ಎರಡನೆಯದಕ್ಕೆ ಒಲ್ಲೆನೆಂದು ಕೂತರು. ವಯಸ್ಸು ಎಪ್ಪತ್ತು ದಾಟಿತ್ತು. ಆ ರೋಗ ತಾಕಿದರೆ ಉಳಿಯುವುದು ಕಷ್ಟ.

“ಒಳ್ಳೇದಾದ್ರೆ ಮೈ ಯಾಕೋ ಊದಬೇಕು?”

ನ್ಯಾಯವಾದ ಪ್ರಶ್ನೆ. ಒಗ್ಗರಣೆಯ ಕಥೆಯನ್ನೆಲ್ಲ ಹೇಳಿ, ಕಾವಲುಗಾರ ಎದ್ದ ಗುರುತು ಅದು ಎಂದೆ.

“ನಿಮ್ಮ ದೊಡ್ಡಪ್ಪನಿಗೆ ಊದಲೇ ಇಲ್ಲವಲ್ಲ, ಅವರ ಕಾವಲುಗಾರ ಮಲಗಿದ್ನೋ?”

“ಊದದಿದ್ದರೂ ಏಳುತ್ತಾನೆ ದೊಡ್ಡಮ್ಮ, ಕೆಲವರಲ್ಲಿ ಸದ್ದುಮಾಡದೆ ಏಳುತ್ತಾನೆ.”

ನಂಬಿದರೋ ಇಲ್ಲವೋ, ಸೀರೆ ಬದಲಿಸಿ ಹೊರಟರು. ಈ ಸಲ ಒಗ್ಗರಣೆ ಸ್ವಲ್ಪ ಕಡಮೆ ಇರಲಿ ಎಂದು ನರ್ಸಮ್ಮನಿಗೆ ಹೇಳಿ, ಇನ್ನೊಂದು ತೋಳನ್ನು ಚಾಚಿದರು.