ಶಿಕ್ಷೆಗೆ ಮೊದಲು ವಿಚಾರಣೆ

ಶಿಕ್ಷಣ ಮತ್ತು ಶಿಕ್ಷೆ ಎಂಬ ಶಬ್ದಗಳೆರಡೂ ಸಂಸ್ಕೃತದ ಒಂದೇ ಧಾತುವಿನಿಂದ ಹುಟ್ಟಿದವು. ಕಲಿಕೆಯೇ ಅವುಗಳ ಮೂಲಾರ್ಥ. ಕಾಲಕ್ರಮೇಣ ಕನ್ನಡದಲ್ಲಿ ಶಿಕ್ಷೆ ಎಂದರೆ ದಂಡನೆ ಎಂಬ ಅರ್ಥವೇ ರೂಢವಾಯಿತು. ಕೂಲಿಮಠದ ಕೋದಂಡ, ಛಡಿಯೇಟುಗಳಿಂದ ಹಿಡಿದು ಬೆಂಚಿನ ಮೇಲೆ ನಿಲ್ಲಿಸುವುದು, ಬಸ್ಕಿ ಹೊಡೆಸುವುದು, ಮಂಡಿಯೂರಿಸುವುದು ಮೊದಲಾದವುಗಳವರೆಗೆ ಈ ರೂಢಿಯು ತಲೆಮಾರುಗಳಿಂದ ಹರಿದುಬಂದಿದೆ. "ಪೆಟ್ಟು ತಿಂದೇ ಮುಂದೆ ಬಂದೆವು" ಎಂದು ಹಿರಿಯರು ಅಭಿಮಾನದಿಂದ ಹೇಳುವುದುಂಟು. ಪೆಟ್ಟು ತಿಂದು ಶಾಲೆಯನ್ನೇ ತೊರೆದವರ ಮಾತು ಮಾತ್ರ ಯಾರ ಕಿವಿಗೂ ಬೀಳುವುದಿಲ್ಲ.

ದೇಶದ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಪ್ರಕರಣವು ದೈಹಿಕ ದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಎಂಟನೆಯ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. 2019ರ ತಿದ್ದುಪಡಿಯು 5 ಮತ್ತು 8ನೆಯ ತರಗತಿಗಳಲ್ಲಿ ಅನುತ್ತೀರ್ಣಗೊಳಿಸಲು ಅವಕಾಶ ನೀಡಿದರೂ, ಹೊರಹಾಕಬಾರದೆಂಬ ನಿಯಮವನ್ನು ಹಾಗೆಯೇ ಉಳಿಸಿದೆ.

ಶ್ರಾವಕರಿಗೆ ಈ ವಿಧಿ ಹೊಸದೆನಿಸಬೇಕಾಗಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಎಣಿಸುತ್ತದೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಛೇದಿಸುವುದು, ಮಿತಿಮೀರಿ ಭಾರ ಹೊರಿಸುವುದು, ಅನ್ನಪಾನಗಳನ್ನು ತಡೆಯುವುದು. ಮಗುವನ್ನು ಕೋಣೆಯಲ್ಲಿ ಕೂಡಿಹಾಕುವುದು, ಬೆತ್ತದಿಂದ ಹೊಡೆಯುವುದು, ಒಂದೇ ವಾಕ್ಯವನ್ನು ನೂರಾರು ಬಾರಿ ಬರೆಸುವುದು, ಬಿಸಿಯೂಟದ ಸಾಲಿನಿಂದ ಎಬ್ಬಿಸುವುದು ಇವೆಲ್ಲ ಅವುಗಳಿಗೆ ಎಷ್ಟು ಸಮೀಪವೆಂಬುದನ್ನು ವಿವೇಕಿಗಳು ತಾವೇ ತೂಗಿ ನೋಡಬಹುದು.

ಆದರೆ ಏನು ಮಾಡಬಾರದೆಂದು ಹೇಳಿದಷ್ಟರಿಂದ ಶಿಸ್ತು ನೆಲೆಗೊಳ್ಳದು. ಒಬ್ಬರೇ ಎರಡು ಮೂರು ತರಗತಿಗಳನ್ನು ಒಟ್ಟಿಗೆ ನಡೆಸಬೇಕಾದ ಉಪಾಧ್ಯಾಯರ ಕಷ್ಟವೂ ಸಣ್ಣದಲ್ಲ. ಬೆತ್ತವನ್ನು ಕೈಬಿಟ್ಟವರಿಗೆ ಬೇರೊಂದು ಮಾರ್ಗ ಬೇಕು. ಆ ಮಾರ್ಗದ ಮೊದಲ ಹೆಜ್ಜೆ ವಿಚಾರಣೆ. ಗುಬ್ಬಿ ತಾಲ್ಲೂಕಿನ ತೋಟದ ಊರುಗಳಲ್ಲಿ ಅಡಕೆ ಸುಲಿಯುವ ಕಾಲ ಬಂದಾಗ, ಕುಣಿಗಲ್ ಕಡೆಯ ಹೊಲಗಳಲ್ಲಿ ರಾಗಿ ಕೊಯ್ಲಿನ ದಿನಗಳಲ್ಲಿ, ತಡವಾಗಿ ಬರುವ ಬಾಲಕನು ಸೋಮಾರಿಯೋ, ಮನೆಯ ದುಡಿಮೆಗೆ ಹೆಗಲು ಕೊಟ್ಟವನೋ? ತುಮಕೂರು ನಗರದ ಶಾಲೆಯಲ್ಲಿ ತೂಕಡಿಸುವ ಬಾಲಕಿಯು ಪಾಠವನ್ನು ಅಲಕ್ಷಿಸಿದವಳೋ, ರಾತ್ರಿಯೆಲ್ಲ ರೋಗಿಯಾದ ತಾಯಿಯ ಬಳಿ ಎಚ್ಚರವಿದ್ದವಳೋ? ಕೇಳದ ಹೊರತು ತಿಳಿಯದು. ಕಿರ್ದಿಗೂ ಖಾತೆಗೂ ತಾಳೆಯಾಗದಿದ್ದಾಗ ವರ್ತಕನು ಪುಸ್ತಕವನ್ನು ಹರಿದೆಸೆಯುವುದಿಲ್ಲ. ತಪ್ಪು ಎಲ್ಲಿ ನುಸುಳಿತೆಂದು ಹಾಳೆ ಹಾಳೆಯನ್ನೂ ಹುಡುಕುತ್ತಾನೆ. ಮಗುವಿನ ವಿಷಯದಲ್ಲಿ ಅಷ್ಟು ತಾಳ್ಮೆಯಾದರೂ ಬೇಡವೇ?

ವಿಚಾರಣೆಯು ಏಕಾಂತದಲ್ಲಿ ನಡೆಯಬೇಕು. ಸಹಪಾಠಿಗಳೆದುರು ಆದ ಅವಮಾನವು ತಪ್ಪನ್ನು ತಿದ್ದುವ ಬದಲು ತಪ್ಪನ್ನು ಮುಚ್ಚಿಡುವ ಜಾಣತನವನ್ನು ಕಲಿಸುತ್ತದೆ. ತಪ್ಪು ನಿಜವಾಗಿದ್ದರೆ ಪರಿಣಾಮವೂ ಅದಕ್ಕೆ ತಕ್ಕುದಾಗಿರಬೇಕು: ಪುಸ್ತಕ ಹರಿದವನು ಅದನ್ನು ಅಂಟಿಸಿಕೊಡಲಿ; ಗೆಳೆಯನನ್ನು ನೋಯಿಸಿದವನು ಅವನ ಮಾತನ್ನು ಕೇಳಿ ಕ್ಷಮೆ ಬೇಡಲಿ. ಅನಂತರ ಆ ಪ್ರಸಂಗ ಅಲ್ಲಿಗೇ ಮುಗಿಯಬೇಕು. ಜಾರಿದವನನ್ನು ಮತ್ತೆ ಸನ್ಮಾರ್ಗದಲ್ಲಿ ನಿಲ್ಲಿಸುವ ಸ್ಥಿತಿಕರಣವು ಸಮ್ಯಗ್ದರ್ಶನದ ಎಂಟು ಅಂಗಗಳಲ್ಲೊಂದು. ಮಗುವನ್ನು ತರಗತಿಗೆ ಮರಳಿಸದ ಶಿಸ್ತು ಶಿಸ್ತೇ ಅಲ್ಲ.

ಇನ್ನೊಂದು ಮಾತು ಅಪ್ರಿಯವಾದರೂ ಹೇಳತಕ್ಕದ್ದು. ಒಂದೇ ತಪ್ಪಿಗೆ ದಾನಿಗಳ ಮನೆಯ ಹುಡುಗನಿಗೆ ಬುದ್ಧಿಮಾತು, ಕೂಲಿಯವನ ಮಗನಿಗೆ ಬೆತ್ತ ಎಂದಾದರೆ ಮಕ್ಕಳು ಅಂದು ಕಲಿಯುವ ಪಾಠ ಅನ್ಯಾಯದ್ದು. ಎರಡು ತೂಕದ ಬಟ್ಟುಗಳನ್ನಿಟ್ಟುಕೊಳ್ಳುವುದು ಅಂಗಡಿಯಲ್ಲಿ ಅಚೌರ್ಯಾಣುವ್ರತಕ್ಕೆ ಕಳಂಕವಾದರೆ ಶಾಲೆಯಲ್ಲಿ ಅದು ಗುಣವಾಗಲಾರದು.

ಸರಕಾರಿ ಶಾಲೆಗಳಿಗೆ ನೋಟು ಪುಸ್ತಕ, ಸಮವಸ್ತ್ರಗಳನ್ನು ಕೊಡುವ ಬಸದಿಯ ಟ್ರಸ್ಟುಗಳು ಇಷ್ಟನ್ನು ವಿಚಾರಿಸುವುದು ಉಚಿತ: ಶಿಸ್ತಿನ ನಿಯಮಗಳು ಬರಹದಲ್ಲಿವೆಯೇ? ಶಿಕ್ಷಿಸುವ ಮೊದಲು ಮಗುವಿನ ಮಾತನ್ನು ಕೇಳುವ ಪದ್ಧತಿ ಇದೆಯೇ? ಕಾಯ್ದೆಯ ಪ್ರಕಾರ ಶಾಲೆಯ ಆಡಳಿತ ಸಮಿತಿಯ ನಾಲ್ಕನೆಯ ಮೂರು ಭಾಗದಷ್ಟು ಸದಸ್ಯರು ಪೋಷಕರು. ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು. ತಾಯಂದಿರು ಈ ಪ್ರಶ್ನೆಗಳನ್ನು ಆ ಸಭೆಯಲ್ಲಿಯೇ ಎತ್ತಬಹುದು. ಟ್ರಸ್ಟುಗಳು ತಾವೇ ನಡೆಸುವ ವಿದ್ಯಾರ್ಥಿನಿಲಯಗಳಿದ್ದಲ್ಲಿ ಮೊದಲ ಉತ್ತರ ಅಲ್ಲಿಂದಲೇ ಬರಲಿ. ವಿದ್ಯಾದಾನವನ್ನು ಮಹಾದಾನವೆನ್ನುವ ಸಮಾಜಕ್ಕೆ ಆ ದಾನವು ಭಯವಿಲ್ಲದ ಮಗುವಿನ ಕೈಸೇರಿತೇ ಎಂದು ನೋಡುವ ಹೊಣೆಯೂ ಇದೆ.